ಬೊಮ್ಮಿಯ ತವರು

ಮೊನ್ನೆ ಹಾಸನದ ಗ್ರಂಧಿಗೆ ಅಂಗಡಿಯೊಂದರಲ್ಲಿ ಜೇನಿನ ಡಬ್ಬದ ಮುಚ್ಚಳ ತೆಗೆದ ಅಂಗಡಿಯವನು, "ವಸಿ ಹೊಗೆ ವಾಸ್ನೆ ಐತೆ ಸಾ, ಬ್ಯಾರೆ ಕೊಡ್ಲಾ?" ಎಂದು ಸಂಕೋಚದಿಂದ ಕೇಳಿದ. ನಾನು ಡಬ್ಬಕ್ಕೆ ಮೂಗಿಟ್ಟು ನಿಂತುಬಿಟ್ಟೆ. ಮೊದಲೇ ನನ್ನ ಮೂಗು ಉದ್ದ, ಡಬ್ಬ ಚಿಕ್ಕದು, ಪಾಪ, ಅವನು ಗಾಬರಿಯಾದ. ಆ ಹೊಗೆಯ ಹಿಂದೆಯೇ ಕೊಣನೂರಿನ ನಮ್ಮ ಮನೆ ಎದ್ದು ಬಂತು. ಪಡಸಾಲೆಯ ತುಂಬ ಸೀಗೆಕಾಯಿ ಮೂಟೆ, ಅಂಟುವಾಳದ ರಾಶಿ, ಮೂಲೆಯಲ್ಲಿ ಜೇನಿನ ಗುಡಾಣ, ಹಣೆಯ ವಿಭೂತಿ ಅಳಿಸಿಹೋಗುವಂತೆ ಸೀನುತ್ತಲೇ ವ್ಯಾಪಾರ ಮಾಡುವ ತಾತ. ನಿಮ್ಮ ಹಳೆಯ ಮನೆಗೂ ಇಂಥದೊಂದು ವಾಸನೆ ಇದ್ದಿರಬೇಕು. ಅದು ಈಗ ಎಲ್ಲಿದೆಯೋ ನೋಡಿಕೊಳ್ಳಿ.

ಹೊಳೆಯಾಚೆಯ ಕಾಡಿನ ಉತ್ಪತ್ತಿಯನ್ನು ತಾತ ಗುತ್ತಿಗೆ ಹಿಡಿದಿದ್ದರು. ಆ ಕಾಡಿನೊಳಗೆ ತಲೆತಲಾಂತರದಿಂದ ಬಾಳಿದ ಜೇನುಕುರುಬರು ಈಗ ಜೇನು ಕೊಯ್ದರೆ ತಾತನಿಗೇ ತಂದು ಕೊಡಬೇಕು, ಬದಲಿಗೆ ರಾಗಿ ಒಯ್ಯಬೇಕು. "ಕಾಡು ಅವರ್ದು, ಗುತ್ಗೆ ನಮ್ದಂತೆ! ಇದ್ಯಾವ ಸೀಮೆ ನ್ಯಾಯ?" ಎಂದು ಅಜ್ಜಿ ಒಲೆಯ ಮುಂದಿನಿಂದಲೇ ಕೇಳುತ್ತಿದ್ದಳು. ತಾತ ಉತ್ತರವಾಗಿ ಸೀನುತ್ತಿದ್ದರು. ಆ ಸೀನನ್ನು ನಾನು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದೆನೆಂದರೆ, ಕೊಳ್ಳಲು ಬಂದವರು ಒಳಗೆ ಇಬ್ಬರು ಸಾವ್ಕಾರರಿದ್ದಾರೆಂದು ತಿಳಿಯುತ್ತಿದ್ದರು.

ಕಾಡಿನೊಳಗಿನ ಅವರ ಗುಡಿಸಲುಗಳ ಹಾಡಿಯಿಂದ ಜೇನು ತರುತ್ತಿದ್ದವನು ಕರಿಯ. ಅಣಕದಲ್ಲಿ ನನಗೆ ಎದುರಾಳಿ ಅವನೊಬ್ಬನೇ. ನಾನು ಮೇಷ್ಟರ ನಡಿಗೆ ತೋರಿಸಿದರೆ ಅವನು ಕರಡಿಯನ್ನು ತೋರಿಸುವನು. ನಾನು ಪುರೋಹಿತರನ್ನು ತೋರಿಸಿದರೆ ಅವನು ಕಾಡಿನ ಗಾರ್ಡನ್ನು ತೋರಿಸುವನು. ಒಮ್ಮೆ ಎದೆ ಉಬ್ಬಿಸಿ, ಮೂಗೆತ್ತಿ, ಮೆಚ್ಚುಗೆಗಾಗಿ ಸುತ್ತ ನೋಡುವ ಒಂದು ಹುಂಜವನ್ನು ತೋರಿಸಿದ. ಎಲ್ಲರೂ ಬಿದ್ದುಬಿದ್ದು ನಕ್ಕರು. ಅದು ಹುಂಜವಲ್ಲ, ನಾನು ಎಂದು ನನಗೆ ತಿಳಿದದ್ದು ಊಟಕ್ಕೆ ಕೂತಮೇಲೆ. ಅವನ ಹೆಂಡತಿ ಬೊಮ್ಮಿ ಮಾತ್ರ ಒಳಗೆ ಬರುತ್ತಿರಲಿಲ್ಲ. ಗುಡಿಸಲ ಹೊಗೆ ಕುಡಿದ ಎದೆಯಿಂದ ಒಂದು ಸಣ್ಣ ಕೆಮ್ಮು, ಆಮೇಲೆ "ಅವ್ವಾ" ಎಂಬ ಕೂಗು. ಜಗಲಿಯ ತುದಿಯಲ್ಲಿ ನಿಲ್ಲುವಳು.

ಒಂದು ವರ್ಷ ಹಾಡಿಯಲ್ಲಿ ಚಳಿಜ್ವರ ಹೊಕ್ಕು ಬೊಮ್ಮಿಯ ಒಬ್ಬನೇ ಅಣ್ಣನನ್ನು ಕರೆದುಕೊಂಡುಹೋಯಿತು. ಬಂಡೆಯ ಮೇಲೆ ಹೆಜ್ಜೇನು ತುಂಬಿ ತೂಗುತ್ತಿದ್ದರೂ, ಇಳಿಯುವಾಗ ಮೇಲಿನಿಂದ ಹಗ್ಗ ಹಿಡಿಯುವವನಿಲ್ಲದೆ ಕರಿಯ ಕೈಕಟ್ಟಿ ಕೂತ. ಮಳೆ ಹಿಡಿಯುವುದರೊಳಗೆ ಜೇನು ಇಳಿಯದಿದ್ದರೆ ಅವನ ಮನೆಗೆ ರಾಗಿಯಿಲ್ಲ. ಅವನು ಹೆಂಡತಿಯೊಂದಿಗೆ ಮನೆಗೆ ಬಂದಾಗ, ಬೇಕಾದರೆ ಆಳು ಕಳಿಸುತ್ತೇನೆಂದರು ತಾತ.

"ಆಳು ಹಗ್ಗ ಹಿಡಿಯಾಕಿಲ್ಲ ಬುದ್ಧೀ. ಹೆಂಡ್ರ ಅಣ್ಣನೋ ತಮ್ಮನೋ ಹಿಡೀಬೇಕು. ತಂಗಿ ತಾಳಿ ಆ ಹಗ್ಗದಾಗೆ ತೂಗ್ತಿರ್ತದೆ. ಅವ್ನು ಕೈ ಬುಡಾಕಿಲ್ಲ."

"ಇವಳಿಗೆ ಇನ್ಯಾರೂ ಇಲ್ವೇನೋ?"

"ಇದ್ದೋನು ಮಣ್ಣಾಗೋದ."

ಅಜ್ಜಿ ಕೈಯೊರೆಸಿಕೊಂಡು ಹೊರಗೆ ಬಂದಳು. ಗಂಡುಮಕ್ಕಳನ್ನೇ ಹೆತ್ತು, ಹೆಣ್ಣಿಗಾಗಿ ಹರಕೆ ಹೊತ್ತು ಸೋತವಳು. ಜಗಲಿಯ ತುದಿಯಲ್ಲಿದ್ದ ಬೊಮ್ಮಿಯ ಕೈಹಿಡಿದು ಹೊಸಿಲು ದಾಟಿಸಿದಳು, ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬಿದಳು. "ಇವತ್ತಿಂದ ಇವ್ಳು ನನ್ ಮಗಳು. ನನ್ ಮಗ ಇಡ್ಕತಾನೆ ಹಗ್ಗ," ಎಂದಳು. ಆ ಮಗ ನನ್ನ ಚಿಕ್ಕಪ್ಪ. ತಲೆಗೆ ಎಣ್ಣೆ, ಮೈಗೆ ಕೋಟು, ಜಿರಳೆ ಕಂಡರೆ ಮಣೆಯ ಮೇಲೆ ಹತ್ತುವವನು. ಅವನ ಮುಖ ಸುಣ್ಣವಾಯಿತು.

ಕರಿಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇದು ಆಟ ಅಲ್ಲ ಅವ್ವಾ. ನಾನು ಬಿದ್ರೆ ಇವ್ಳು ನಿಮ್ ಬಾಗ್ಲಿಗೇ ಬತ್ತಾಳೆ."

"ಬೀಳ್ದಿದ್ರೂ ಬರ್ಲಿ," ಎಂದಳು ಅಜ್ಜಿ.

ಹಠಮಾಡಿ ನಾನೂ ಹೋಗಿದ್ದೆ, ಕಂಬಳಿಯೊಳಗಿಂದ ಕಣ್ಣಷ್ಟೇ ಹೊರಗಿಟ್ಟು. ಹಸಿ ಸೊಪ್ಪಿನ ಹೊಗೆ ಮೇಲೇಳುತ್ತಿತ್ತು. ಕರಿಯ ಜೇನುಹುಳುಗಳನ್ನು ಅಕ್ಕಂದಿರೇ ಎಂದು ಕರೆದು, ಅವಕ್ಕೂ ಪಾಲು ಬಿಡುತ್ತೇನೆಂದು ಹಾಡುತ್ತ ಬಂಡೆಯ ಅಂಚಿನಿಂದ ಕೆಳಗಿಳಿದ. ಮೇಲೆ ಹಗ್ಗ ಹಿಡಿದಿದ್ದ ಚಿಕ್ಕಪ್ಪನ ಕಿವಿಗೆ ಒಂದು ಹುಳು ಕಡಿಯಿತು, ತುಟಿಗೆ ಇನ್ನೊಂದು. ಚಿಕ್ಕಪ್ಪ ಗೋಳೋ ಎಂದು ಅತ್ತ, ಮನೆದೇವರ ಜೊತೆಗೆ ನೆರೆಮನೆಯವರ ದೇವರನ್ನೂ ಕೂಗಿದ. ಹಗ್ಗ ಮಾತ್ರ ಬಿಡಲಿಲ್ಲ. ಪಕ್ಕದಲ್ಲೇ ಬೊಮ್ಮಿ ಸೆರಗಿನಿಂದ ಹುಳು ಓಡಿಸುತ್ತ, "ಅಣ್ಣಾ, ಇನ್ನೊಂಚೂರು, ಅಣ್ಣಾ," ಎನ್ನುತ್ತಿದ್ದಳು. ಮೇಲೆ ಬಂದ ಕರಿಯ ಮೊದಲ ತುಂಡನ್ನು ಊದಿಹೋದ ಆ ಬಾಯಿಗೆ ಇಟ್ಟು, "ಬಾವ, ನಿನ್ ಅಳು ಕೇಳಿ ಹುಳಾನೇ ಎದ್ರಿ ಓಡೋದೋ!" ಎಂದ. ಆ ಅಳುವನ್ನು ನಾನು ವರ್ಷಗಟ್ಟಲೆ ಅಣಕಿಸಿದೆ. ಆ ಹಿಡಿತವನ್ನು ಅಣಕಿಸಲು ಬರಲಿಲ್ಲ.

ಮಗಳೆಂದಮೇಲೆ ಮುಗಿಯಿತೇ? ಗೌರಿ ಹಬ್ಬಕ್ಕೆ ಬೊಮ್ಮಿಗೂ ಬಾಗಿನ ಬೇಕು. ಅಜ್ಜಿ ಹೊಸ ಮೊರದಲ್ಲಿ ಬೇಳೆ, ಬೆಲ್ಲ, ಬಳೆ, ರವಿಕೆಬಟ್ಟೆ ಇಟ್ಟು ಕಾಯುವಳು. ಬೊಮ್ಮಿ ಬಂದು ಕೆಮ್ಮುವಳು, ಕೂಗುವಳು, ಈಗ ನೇರ ಒಳಗೇ ಬರುವಳು. ಕೆಲವರು ಊರಿನಲ್ಲಿ ಮೂಗು ಮುರಿದರು. ಅಜ್ಜಿ ಅವರಿಗೂ ಜೇನು ಕೊಟ್ಟು ಬಾಯಿ ಮುಚ್ಚಿಸಿದಳು.

ಆಮೇಲೊಂದು ಬೇಸಿಗೆ ಅರಣ್ಯ ಇಲಾಖೆಯವರು ಹಾಡಿಯನ್ನೇ ಎಬ್ಬಿಸಿದರು. ಕಾಡಿನಲ್ಲಿ ತೇಗ ನೆಡುತ್ತಾರಂತೆ, ಮನುಷ್ಯರಿರಕೂಡದಂತೆ. ಚಿಕ್ಕಪ್ಪ ಹೋಗಿ ನೋಡಿದಾಗ ಗುಡಿಸಲಿದ್ದಲ್ಲಿ ಬೂದಿ. ಎಲ್ಲಿ ಹೋದರೆಂದು ಹೇಳುವವರಿಲ್ಲ. ತಾತ ಮರುವರ್ಷ ಗುತ್ತಿಗೆ ಹಿಡಿಯಲಿಲ್ಲ. ಪಡಸಾಲೆ ಖಾಲಿಯಾಗಿ, ಅವರ ಸೀನು ನಿಂತುಹೋಯಿತು. ಅಜ್ಜಿಯ ಮೊರ ಮಾತ್ರ ಪ್ರತಿ ಹಬ್ಬಕ್ಕೂ ತುಂಬುತ್ತಿತ್ತು. ಇವತ್ತು ಆ ಮನೆ ಬೇರೆಯವರದು. ಪಡಸಾಲೆಯನ್ನೂ ಕೆಡವಿದ್ದಾರೆಂದು ಕೇಳಿದೆ.

ಅಜ್ಜಿಯ ಕೊನೆಯ ಗೌರಿ ಹಬ್ಬದ ಸಂಜೆ ಅವಳು ಹಾಸಿಗೆಯಲ್ಲಿದ್ದಳು, ಕಣ್ಣು ಬಾಗಿಲ ಕಡೆಗೆ. ಚಿಕ್ಕಪ್ಪ ನನ್ನನ್ನು ಪಕ್ಕಕ್ಕೆ ಕರೆದ. "ನಿಂಗೆ ಎಲ್ಲರ ದನೀನೂ ಬತ್ತದಲ್ಲ. ಒಂದ್ಸಲ ಬೊಮ್ಮಿ ಅಂಗೆ ಕೂಗ್ಲಾ. ಅವ್ವನ ಜೀವಕ್ಕೆ ವಸಿ ಸಮಾಧಾನ ಆಗ್ಲಿ."

ನಾನು ಜಗಲಿಯ ತುದಿಗೆ ಹೋಗಿ ನಿಂತೆ. "ಅವ್ವಾ," ಎಂದೆ. ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಯಾರನ್ನೂ ಅಣಕಿಸಿರಲಿಲ್ಲ.

ಒಳಗಿನಿಂದ ಅಜ್ಜಿಯ ದನಿ: "ಲೇ ಕೋತಿ, ಒಳಿಕ್ ಬಾ. ಬೊಮ್ಮಿ ಕೂಗೋಕ್ ಮುಂಚೆ ಕೆಮ್ತಾಳೆ ಕಣ್ಲಾ."

ಚಿಕ್ಕಪ್ಪ ನಗುತ್ತ ನಗುತ್ತ ಮುಖವನ್ನು ಗೋಡೆಗೆ ತಿರುಗಿಸಿದ. ನಾನು ತಲೆತಗ್ಗಿಸಿ ಒಳಗೆ ಬಂದೆ. ದೀಪ ಗಾಳಿಗೆ ಹೊಯ್ದಾಡುತ್ತಿತ್ತೆಂದು ಬಾಗಿಲು ಮುಂದೆ ಮಾಡಲು ಹೋದೆ.

"ಅದ್ಯಾಕ್ ಮುಚ್ಚೀಯ?" ಎಂದಳು ಅಜ್ಜಿ. "ತೆಗ್ದೇ ಇರ್ಲಿ ಬುಡು."