ಚೀಟಿಯಲ್ಲಿ ಬರೆದಷ್ಟೇ ಗುಳಿಗೆ

ನನ್ನ ಅಕ್ಕನನ್ನು ಕೊಂದದ್ದು ನಮ್ಮ ಸೋದರತ್ತೆ. ದೇವದುರ್ಗದ ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಾನ್ವಿಯ ಹುಡುಗನಿಗೆ ಅಕ್ಕನನ್ನು ಕೊಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವಳ ಕುತ್ತಿಗೆಗೆ, ಸೊಂಟಕ್ಕೆ ಗಜಕರ್ಣ ಹಬ್ಬಿತು. ರಾಯಚೂರಿನ ಡಾಕ್ಟರು ಹೊಸದಾಗಿ ಬಂದಿದ್ದ ಗುಳಿಗೆ ಬರೆದುಕೊಟ್ಟರು. "ದಿನಕ್ಕ ಒಂದ ಗುಳಿಗಿ. ಹೆಚ್ಚು ನುಂಗಿದ್ರ ಲಿವರ್ ಕೆಡ್ತದ. ಕಣ್ಣು ಹಳದಿ ಆದ್ರ ಬಿಟ್ಟು ಓಡಿ ಬರ್ರಿ," ಎಂದರು. ಪಕ್ಕದಲ್ಲೇ ಕೂತಿದ್ದ ಅತ್ತೆ ತಲೆಯಾಡಿಸಿದಳು. ನಾನು ಕಣ್ಣಾರೆ ನೋಡಿದ್ದೇನೆ.

ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದು ಯಜಮಾನಿಕೆ ಹಿಡಿದವಳು ಅವಳು. ಅವಳೆದುರು ಅವ್ವ ಬಾಯಿ ಬಿಡುತ್ತಿರಲಿಲ್ಲ. "ಒಂದೊಂದು ನುಂಗಿದ್ರ ಲಗ್ನದಾಗೂ ಕೆರಕೋತ ಕುಂದ್ರತಾಳ," ಎಂದು ಮೂರು ಹೊತ್ತೂ ಅಕ್ಕನ ಕೈಗೆ ಗುಳಿಗೆ ಇಟ್ಟಳು. ಮುಗಿದಾಗ ಅದೇ ಚೀಟಿ ತೋರಿಸಿ ಮತ್ತೆ ತರಿಸಿದಳು. ಅಕ್ಕನಿಗೆ ಅನ್ನ ಕಂಡರೆ ವಾಂತಿ ಬರತೊಡಗಿತು. "ಲಗ್ನದ ಅಂಜಿಕಿ," ಎಂದು ಅತ್ತೆ ನಕ್ಕಳು.

ಅರಿಶಿಣ ಹಚ್ಚುವ ದಿನ ಓಣಿಯ ಹೆಂಗಸರೆಲ್ಲ ಸೇರಿದರು. ನೀರು ಹಾಕಿದ ಮೇಲೂ ಬಣ್ಣ ಹೋಗದ್ದನ್ನು ಕಂಡು, ಮೈಗೆ ಎಷ್ಟು ಚಂದ ಹತ್ತಿದೆ ಎಂದು ಹೊಗಳಿದರು. ಕಾಡಿಗೆ ಹಚ್ಚಲು ನಾನು ಅಕ್ಕನ ರೆಪ್ಪೆ ಎತ್ತಿದೆ. ಕಣ್ಣಿನ ಒಳಗೆ ಯಾರು ಅರಿಶಿಣ ಹಚ್ಚುತ್ತಾರೆ?

"ಅತ್ತಿ, ಕಣ್ಣು ಹಳದಿ ಆಗ್ಯಾವ," ಎಂದೆ.

"ಬಾಯಿ ಮುಚ್ಚ ಬೇ, ಬೀಗರ ಕಿವಿಗಿ ಬಿದ್ದೀತು," ಎಂದಳು.

ನಾನು ಬಾಯಿ ಮುಚ್ಚಲಿಲ್ಲ. ಹಂದರ ಹಾಕಿಸುತ್ತಿದ್ದ ಅಪ್ಪನ ಹತ್ತಿರ ಓಡಿದೆ. ಅಪ್ಪ ಬಾಡಿಗೆ ಜೀಪು ಮಾಡಿ ಅಕ್ಕನನ್ನು ರಾಯಚೂರಿಗೆ ಒಯ್ದ. ಆಸ್ಪತ್ರೆಯಿಂದ ಅವಳು ಜೀವಂತ ಬರಲಿಲ್ಲ. "ಹಣೆಬರಹ," ಎಂದು ಅತ್ತೆ ಎಲ್ಲರಿಗಿಂತ ಜೋರಾಗಿ ಅತ್ತಳು.

ಕೆಲವು ವರ್ಷಗಳಲ್ಲಿ ಅತ್ತೆಯ ಮೊಣಕಾಲು ಹಿಡಿದವು. ನೋವಿನ ಗುಳಿಗೆಯ ಡಬ್ಬಿಯನ್ನು ನಾನೇ ಕೇಳಿ ಇಸಕೊಂಡೆ. ಅವಳಿಗೆ ಕಾಣುವಂತೆ, ಆದರೆ ಕೈಗೆ ಎಟುಕದಂತೆ, ಮೇಲಿನ ಗೂಡಿನಲ್ಲಿ ಇಡುತ್ತಿದ್ದೆ.

"ಇನ್ನೊಂದು ಕೊಡ ಯವ್ವಾ, ಜೀವ ಹೋಗಾಕತ್ತದ."

"ಚೀಟ್ಯಾಗ ಒಂದ ಬರದಾರ ಅತ್ತಿ."

ಅವಳು ನರಳುವುದನ್ನು ಕೇಳುತ್ತಾ ನಾನು ನೆಮ್ಮದಿಯಾಗಿ ರೊಟ್ಟಿ ತಟ್ಟುತ್ತಿದ್ದೆ. ಅತ್ತೆಯನ್ನು ಎಷ್ಟು ಚಂದ ನೋಡಿಕೊಳ್ಳುತ್ತಾಳೆ ಎಂದು ಓಣಿಯವರು ಈಗ ನನ್ನನ್ನು ಹೊಗಳುತ್ತಿದ್ದರು.

ಒಂದು ದಿನ ಅವಳು, "ನೀ ಇನ್ನೂ ಮರ್ತಿಲ್ಲೇನ?" ಎಂದು ಕೇಳಿದಳು.

ನೀರಿನ ಚೊಂಬು, ಒಂದು ಗುಳಿಗೆ ಮುಂದಿಟ್ಟೆ. "ಅಕ್ಕಗೂ ಒಂದ ಬರದಿದ್ರು," ಎಂದೆ.

ಆಮೇಲೆ ಅವಳು ಎರಡನೆಯದನ್ನು ಎಂದೂ ಕೇಳಲಿಲ್ಲ.