ಸೊಂಟದಲ್ಲಿ ತೂಗುವ ಸೊಟ್ಟ ಇಕ್ಕಳ

ಬೀದಿಯವರಿಗೆ ಅವರು ಇಕ್ಕಳದಮ್ಮ. ಮನೆಯ ಯಜಮಾನಿಯರು ಬೀಗದ ಕೈ ಸಿಕ್ಕಿಸಿಕೊಳ್ಳುವ ಜಾಗದಲ್ಲಿ ಅವರಿಗೆ ತಾಮ್ರದ ಇಕ್ಕಳವೊಂದು ತೂಗುತ್ತಿರುತ್ತದೆ. ಅದರ ಎರಡು ತುಟಿಗಳು ಕೂಡುವುದಿಲ್ಲ. ಒಂದು ಇನ್ನೊಂದಕ್ಕಿಂತ ಉದ್ದ. ಬೆಳ್ಳಿಯ ಉಂಗುರದಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಮತ್ತೆ ಅರ ಹಿಡಿದು ಉಜ್ಜುವ ಕೈ ಇಂಥ ಸಲಕರಣೆಯನ್ನು ದಿನವಿಡೀ ಹೊತ್ತು ತಿರುಗುವುದಕ್ಕೆ ಕಾರಣವಿದೆ. ಅದನ್ನು ಹೇಳುವವರು ಇಬ್ಬರು. ಒಬ್ಬರು ಹೇಳುವಾಗ ಇನ್ನೊಬ್ಬರು ತಿದ್ದುತ್ತಾರೆ.

ಇಕ್ಕಳದಮ್ಮ ಬೀಗ ರಿಪೇರಿಯವನ ಮಗಳು. ಅರ ಹಿಡಿಯುವುದನ್ನು ಅಪ್ಪನ ಪಕ್ಕದಲ್ಲಿ ಕುಳಿತು ಕಲಿತರು, ಬೆಸುಗೆಯನ್ನು ಒಬ್ಬ ಮುದುಕ ಅಕ್ಕಸಾಲಿಗನಿಂದ. ಮದುವೆಯಾಗಿ ಬಂದ ಮನೆಯಲ್ಲಿ ಅವರಿಗಿಂತ ಮೊದಲೇ ಹಿರಿಯ ಸೊಸೆಯೊಬ್ಬರಿದ್ದರು. ಈ ಓರಗಿತ್ತಿಗೆ ಮೊಳೆ ಹೊಡೆಯಲೂ ಬಾರದು; ಮಾತು ಮಾತ್ರ ಅರಳು ಹುರಿದಂತೆ. ಇಬ್ಬರೂ ಸೇರಿ ಮೆಟ್ಟಿಲ ಕೆಳಗಿನ ಕೋಣೆಯನ್ನು ಅಂಗಡಿ ಮಾಡುತ್ತೇವೆಂದಾಗ ಮಾವನವರು ಪತ್ರಿಕೆಯಿಂದ ತಲೆಯೆತ್ತದೆ, “ಒಬ್ಬಳು ಕೈ, ಒಬ್ಬಳು ಬಾಯಿ. ತಲೆ ಯಾರದಮ್ಮ?” ಎಂದರಂತೆ.

ಆ ಕೋಣೆ ಈಗಲೂ ಹಾಗೆಯೇ ಇದೆ. ಬೀದಿಯ ಕಡೆಗೆ ಗಾಜಿನ ಪೆಟ್ಟಿಗೆ, ಅದರ ಹಿಂದೆ ಓರಗಿತ್ತಿಯ ಸ್ಟೂಲು, ನಡುವೆ ಕಂದುಬಣ್ಣದ ಪರದೆ. ಪರದೆಯ ಒಳಗೆ, ಮೆಟ್ಟಿಲು ತಗ್ಗಾಗಿ ಇಳಿದಲ್ಲಿ, ಕೆಲಸದ ಮೇಜು. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ಬಡಿಯುತ್ತದೆ. ಬಲಗೈಗೆ ಸಿಗುವಂತೆ ಊದುಗೊಳವೆ, ಎಡಗೈಗೆ ಅರಗಳು, ಮೂಲೆಯಲ್ಲಿ ಮುಚ್ಚಳವಿರುವ ಪಿಂಗಾಣಿ ಬಟ್ಟಲು.

ಬಟ್ಟಲಲ್ಲಿರುವುದು ಆಮ್ಲ. ಬೆಸುಗೆಯ ಉರಿಯಿಂದ ಬಂದ ಬೆಳ್ಳಿ ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತೆ ಕಪ್ಪಾಗಿರುತ್ತದೆ. ಆಮ್ಲದಲ್ಲಿ ಮುಳುಗಿಸಿಟ್ಟರೆ ಕಪ್ಪು ಬಿಟ್ಟು ಬಿಳಿಯಾಗಿ ಹೊರಬರುತ್ತದೆ. ಬಳಸುತ್ತ ಬಳಸುತ್ತ, ಬೆಳ್ಳಿಗೆ ಬೆರೆಸಿದ ತಾಮ್ರ ಕರಗಿ ಆಮ್ಲ ನೀಲಿಗಟ್ಟುತ್ತದೆ. ಇದಕ್ಕೆ ಒಂದೇ ಕಟ್ಟಳೆ: ಕಬ್ಬಿಣ ಒಳಗೆ ಹೋಗಬಾರದು. ಹೋದರೆ ಕರಗಿದ ತಾಮ್ರವೆಲ್ಲ ಹಿಂದಿರುಗಿ ಬೆಳ್ಳಿಯ ಮೇಲೆ ಕೂರುತ್ತದೆ. ಆದ್ದರಿಂದ ಬಟ್ಟಲಿಗೆಂದೇ ಮರದ ಇಕ್ಕಳವಿರುತ್ತಿತ್ತು.

ಅಂಗಡಿ ಇನ್ನೂ ಹೊಸದಾಗಿದ್ದಾಗ ಹೆರಿಗೆ ಆಸ್ಪತ್ರೆಯ ಹಿರಿಯ ದಾದಿ ಬಂದರು. ಆ ಬೀದಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಅವರು ಒಳ್ಳೆಯದೆಂದದ್ದು ಪ್ರತಿ ಮನೆಯನ್ನೂ ತಲುಪುತ್ತಿತ್ತು, ಕೆಟ್ಟದ್ದೆಂದದ್ದು ಇನ್ನೂ ಬೇಗ. ತಾಯಿಯ ಹರಿದ ಹಾರದಿಂದ ಉಳಿದ ಚಂದ್ರಕಾಂತದ ಕಲ್ಲುಗಳನ್ನು ಅವರು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದರು. ನಿವೃತ್ತಿಯ ಬೀಳ್ಕೊಡುಗೆಯ ದಿನ ಅವನ್ನು ಹೊಸ ಹಾರದಲ್ಲಿ ಧರಿಸಬೇಕೆಂಬುದು ಅವರ ಆಸೆ. ಅವರ ಕೊರಳಿನಿಂದ ಅಂಗಡಿಯ ಹೆಸರು ನಿಲ್ಲುತ್ತದೆ ಇಲ್ಲವೇ ಬೀಳುತ್ತದೆ ಎಂಬುದು ಇಬ್ಬರು ಸೊಸೆಯರಿಗೂ ಗೊತ್ತಿತ್ತು.

ಹಾರದ ಬೆಸುಗೆ ಮುಗಿಯಿತು. ಕಲ್ಲು ಕೂರುವ ಗೂಡುಗಳೆಲ್ಲ ಸಿದ್ಧವಾಗಿ ಹಾರ ಆಮ್ಲಕ್ಕೆ ಬಿತ್ತು. ಇಕ್ಕಳದಮ್ಮ ಸಡಿಲವಾದ ಕನ್ನಡಕದ ಕಾಲು ಸರಿಮಾಡಿಸಲು ಪಕ್ಕದ ಬೀದಿಗೆ ಹೋದರು. ಹೇಳಿದ ಹೊತ್ತಿಗಿಂತ ಮೊದಲೇ ದಾದಿ ಬಂದುಬಿಟ್ಟರು. ಇಲ್ಲಿಯವರೆಗೆ ಇಬ್ಬರ ನಿರೂಪಣೆಯೂ ಒಂದೇ. ಮುಂದೆ ಕವಲೊಡೆಯುತ್ತದೆ.

“ಮರದ ಇಕ್ಕಳ ಇರಲೇ ಇಲ್ಲ,” ಎನ್ನುತ್ತಾರೆ ಓರಗಿತ್ತಿ.

“ಬಟ್ಟಲ ಹಿಂದೆ ಇತ್ತು ಅಕ್ಕ.”

“ಹಿಂದೆ ಇದ್ರೆ ಮುಂದೆ ಇರೋರಿಗೆ ಕಾಣತ್ತಾ? ಕಬ್ಬಿಣದ್ದನ್ನ ಕಣ್ಣೆದುರು ನೇತುಹಾಕಿದ್ದು ಯಾರು?”

ಅಂತೂ ದಾದಿಗೆ ಹಾರ ತೋರಿಸಲು ಓರಗಿತ್ತಿ ಕಬ್ಬಿಣದ ಇಕ್ಕಳ ಅದ್ದಿದರು. ಹಾರ ಗುಲಾಬಿ ಬಣ್ಣಕ್ಕೆ ತಿರುಗಿ ಮೇಲೆ ಬಂತು. ತೊಳೆದರೂ ಹೋಗಲಿಲ್ಲ. ಓರಗಿತ್ತಿ ಅದನ್ನು ಮಖಮಲ್ಲಿನ ಮೇಲೆ ಹರಡಿ ದಾದಿಯ ಮುಂದಿಟ್ಟರು.

“ಇದು ನಮ್ಮಲ್ಲಿ ಮಾತ್ರ ಸಿಗೋ ಬಣ್ಣ ಅಮ್ಮ. ಎಲ್ಲರಿಗೂ ಮಾಡಿಕೊಡಲ್ಲ.”

ದಾದಿ ಕಲ್ಲೊಂದನ್ನು ಗೂಡಿನ ಮೇಲಿಟ್ಟು ನೋಡಿದರು. ಚಂದ್ರಕಾಂತದ ತಿಳಿನೀಲಿ ಗುಲಾಬಿಯ ಮೇಲೆ ಎದ್ದು ಕಂಡಿತು. “ಅಮ್ಮ ಇದ್ದಿದ್ರೆ ಕಿತ್ಕೊಂಡು ತಾನೇ ಹಾಕೋತಿದ್ಲು,” ಎಂದು ನಕ್ಕರು. ಆ ನಗು ಮುಗಿಯುವ ಮೊದಲೇ ಇಕ್ಕಳದಮ್ಮ ಹೊಸ್ತಿಲು ದಾಟಿದರು. ಹಾರ ನೋಡಿದರು, ಓರಗಿತ್ತಿಯ ಮುಖ ನೋಡಿದರು. ಓರಗಿತ್ತಿ ಕಣ್ಣಲ್ಲೇ ‘ಸುಮ್ಮನಿರು’ ಎಂದರು.

ಸುಮ್ಮನಿದ್ದಿದ್ದರೆ ಆ ದಿನದ ಮಟ್ಟಿಗೆ ಎಲ್ಲರಿಗೂ ಸಂತೋಷವಾಗುತ್ತಿತ್ತು. ಇಕ್ಕಳದಮ್ಮ ಒರೆಸುವ ಬಟ್ಟೆ ತೆಗೆದುಕೊಂಡು ಒಂದು ಗೂಡನ್ನು ಬಲವಾಗಿ ಉಜ್ಜಿದರು. ಗುಲಾಬಿ ಬಟ್ಟೆಗೆ ಬಂತು, ಗೂಡು ಬಿಳಿಯಾಯಿತು.

“ಇದು ಬಣ್ಣ ಅಲ್ಲ ಅಮ್ಮ, ತಪ್ಪು. ನಿಮ್ಮ ಕೊರಳಿನ ಬೆವರಿಗೇ ಹೋಗತ್ತೆ. ನಾಳಿದ್ದಿಗೆ ಬಿಳಿ ಹಾರ ಕೊಡ್ತೀನಿ. ನಿಜವಾದ ಗುಲಾಬಿ ಬೇಕಂದ್ರೆ ತಾಮ್ರ ಸೇರಿಸಿ ಮೊದಲಿಂದ ಮಾಡಬೇಕು, ನಿಮ್ಮ ಬೀಳ್ಕೊಡುಗೆಗೆ ಆಗಲ್ಲ.”

ದಾದಿಯ ಮುಖ ಬಿಗಿಯಿತು. “ಒಬ್ಬರು ವಿಶೇಷ ಅಂತೀರಿ, ಒಬ್ಬರು ತಪ್ಪು ಅಂತೀರಿ. ಮೊದಲು ನೀವಿಬ್ಬರು ಮಾತಾಡ್ಕೊಳ್ಳಿ,” ಎಂದು ಕಲ್ಲುಗಳನ್ನು ಕರವಸ್ತ್ರಕ್ಕೆ ಕಟ್ಟಿಕೊಂಡು ಹೊರಟುಬಿಟ್ಟರು.

“ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ,” ಎಂದರು ಓರಗಿತ್ತಿ.

“ಕಲ್ಲಿರೋ ತುತ್ತು ಅಕ್ಕ ಅದು. ಹಲ್ಲು ಹೋಗ್ತಿತ್ತು.”

“ಗಿರಾಕಿ ಮುಂದೆ ನನ್ನ ಮಾನ ಹೋಯ್ತಲ್ಲ. ನಾಳೆಯಿಂದ ನೀನೇ ಮಾರ್ಕೋ.”

ಮರುದಿನ ಓರಗಿತ್ತಿ ಪರದೆಯ ಒಳಗೆ ಬೆನ್ನು ತಿರುಗಿಸಿ ಕುಳಿತರು; ಇಕ್ಕಳದಮ್ಮ ಗಾಜಿನ ಪೆಟ್ಟಿಗೆಯ ಹಿಂದೆ. ಕೆಂಪು ಕಲ್ಲಿನ ಜುಮುಕಿ ಕೇಳಿದವಳಿಗೆ, “ನಿಮ್ಮ ಕಿವಿಗೆ ಭಾರ ಆಗತ್ತೆ, ಬೇಡ,” ಎಂದರು. ಉಂಗುರ ಮೆಚ್ಚಿದವನಿಗೆ, “ಕಲ್ಲಿನೊಳಗೆ ಗೆರೆ ಇದೆ, ನೋಡಿಕೊಳ್ಳಿ,” ಎಂದು ಭೂತಗನ್ನಡಿ ಕೊಟ್ಟರು. ಅವನು ಗೆರೆಯನ್ನು ನೋಡಿ, ಭೂತಗನ್ನಡಿಗೆ ಧನ್ಯವಾದ ಹೇಳಿ ಹೋದ. ಪರದೆಯೊಳಗಿಂದ ಬಾಯಿಗೆ ಸೆರಗೊತ್ತಿಕೊಂಡ ನಗು ಕೇಳಿತು.

“ಏಯ್, ಹೀಗೇ ಮಾರಿದ್ರೆ ಅಂಗಡಿಗೆ ನಾವಿಬ್ಬರೇ ಗಿರಾಕಿ ಆಗ್ತೀವಿ.”

“ಹಾಗಾದ್ರೆ ಎದ್ದು ಬಾ.”

ಓರಗಿತ್ತಿ ಎದ್ದರು. ಒಂದು ಗೂಡು ಮಾತ್ರ ಬಿಳಿಯಾಗಿದ್ದ ಹಾರವನ್ನೂ ಒರೆಸುವ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ನೇರವಾಗಿ ಆಸ್ಪತ್ರೆಗೆ ನಡೆದರು. ದಾದಿ ಮಗುವಿನ ತೂಕ ನೋಡುತ್ತಿದ್ದರು. ಮಗು ಕೆಳಗಿಳಿಯುವವರೆಗೆ ಕಾದು ಓರಗಿತ್ತಿ ಹೇಳಿದ್ದು ಇಷ್ಟೇ:

“ವಿಶೇಷ ಅಂದದ್ದು ನಾನು. ಕಬ್ಬಿಣ ಅದ್ದಿದ್ದೂ ನಾನೇ. ನನ್ನ ಮಾತು ನಂಬಬೇಡಿ, ಅವಳದ್ದೂ ಬೇಡ. ನೀವೇ ಉಜ್ಜಿ.”

ದಾದಿ ಉಜ್ಜಿದರು. ಮತ್ತೊಂದು ಗೂಡು ಬೆಳ್ಳಗಾಯಿತು. ಅವರು ಬಟ್ಟೆಯ ಮೇಲಿನ ಕಲೆಯನ್ನು ನೋಡಿದರು. ತೊಟ್ಟಿಲಲ್ಲಿದ್ದ ಆಗ ತಾನೆ ಹುಟ್ಟಿದ ಕೂಸನ್ನು ನೋಡಿದರು.

“ಹುಟ್ಟಿದಾಗ ಎಲ್ಲಾ ಗುಲಾಬಿನೇ. ಆಮೇಲೆ ತಾನೆ ಅದರದ್ದೇ ಬಣ್ಣ ಬರೋದು. ದಿನಾ ಬಾಣಂತಿಯರಿಗೆ ಇದನ್ನೇ ಹೇಳ್ತೀನಿ, ನನಗೇ ಹೊಳೀಲಿಲ್ಲ ನೋಡು.” ಜೇಬಿನಿಂದ ಕರವಸ್ತ್ರದ ಗಂಟು ತೆಗೆದರು. “ಬಿಳೀದೇ ಮಾಡಿ. ನಾಳೆ ಮಧ್ಯಾಹ್ನ ಬರ್ತೀನಿ. ಈ ಸಲ ಬೇಗ ಬರಲ್ಲ, ಹೆದರಬೇಡ.”

ಇಕ್ಕಳದಮ್ಮ ಹೊಸ ಆಮ್ಲ ಬೆರೆಸಿ ಹಾರ ಶುದ್ಧಮಾಡಿದರು, ಮೆರುಗು ಕೊಟ್ಟರು, ಪ್ರತಿ ಕಲ್ಲಿನ ಸುತ್ತ ಗೂಡಿನ ಅಂಚನ್ನು ಸ್ವಲ್ಪಸ್ವಲ್ಪವಾಗಿ ಒತ್ತಿ ಮಡಿಚಿದರು. ಚಂದ್ರಕಾಂತ ಮೆದು ಕಲ್ಲು. ಅವಸರ ಮಾಡಿದರೆ ಸೀಳುತ್ತದೆ. ಒಂದೂ ಸೀಳಲಿಲ್ಲ. ಬೀಳ್ಕೊಡುಗೆಯ ದಿನ ದಾದಿ ಹಾರಕ್ಕಿಂತ ಹೆಚ್ಚಾಗಿ ಒರೆಸುವ ಬಟ್ಟೆಯ ಕಥೆಯನ್ನೇ ಎಲ್ಲರಿಗೂ ಹೇಳಿದರಂತೆ. ವಾರ ಕಳೆಯುವುದರೊಳಗೆ ಅಜ್ಜಿಯ ಕಾಲದ ಕಲ್ಲುಗಳು ಡಬ್ಬಿ, ಗಂಟು, ಬೆಂಕಿಪೊಟ್ಟಣಗಳಲ್ಲಿ ಅಂಗಡಿಗೆ ಬರತೊಡಗಿದವು.

ಇಕ್ಕಳ ಬಂದದ್ದು ಅದೇ ವಾರ. ಹಿತ್ತಲಲ್ಲಿ ತಳ ತೂತಾಗಿ ಬಿದ್ದಿದ್ದ ತಾಮ್ರದ ಬಿಂದಿಗೆಯನ್ನು ಓರಗಿತ್ತಿ ತಾವೇ ಕತ್ತರಿಸಿದರು, ಬಡಿದರು, ಬಗ್ಗಿಸಿದರು. ಹೆಬ್ಬೆರಳನ್ನೂ ಎರಡು ಬಾರಿ ಬಡಿದುಕೊಂಡರು. ತಾಮ್ರ ಆಮ್ಲಕ್ಕೆ ಹೋದರೆ ದೋಷವಿಲ್ಲ. ಜೀವನದಲ್ಲಿ ಅವರು ಲೋಹದಿಂದ ಮಾಡಿದ ವಸ್ತು ಅದೊಂದೇ.

“ಇನ್ಮೇಲೆ ಇದು ನಿನ್ನ ಸೊಂಟದಲ್ಲಿರಲಿ. ನೀನು ಹೊರಗೆ ಹೋದ್ರೆ ಅದೂ ಹೋಗಲಿ. ಆಗ ನನ್ನ ಕೈ ಬಟ್ಟಲಿಗೆ ಹೋಗಲ್ಲ.”

ಅಂದಿನಿಂದ ಅದು ಅಲ್ಲೇ ಇದೆ. ಅದರ ತುಟಿಗಳನ್ನು ಸರಿಪಡಿಸಲು ಇಕ್ಕಳದಮ್ಮನಿಗೆ ಅರದ ನಾಲ್ಕು ಎಳೆತ ಸಾಕು. ಅವರು ಎಳೆದಿಲ್ಲ. ಸಣ್ಣ ವಸ್ತು ಜಾರಿದಾಗಲೆಲ್ಲ ಪರದೆಯ ಕಡೆಗೆ ಧ್ವನಿ ಏರಿಸುತ್ತಾರೆ.

“ಅಕ್ಕ, ನಿನ್ನ ಇಕ್ಕಳ ಮತ್ತೆ ಬಿಟ್ಟುಬಿಡ್ತು.”

“ಹಿಡಿಯೋ ಕೈ ಸರಿಯಿದ್ರೆ ಯಾಕೆ ಬಿಡತ್ತೆ?” ಎನ್ನುತ್ತಾರೆ ಓರಗಿತ್ತಿ, ಮತ್ತು ಗಿರಾಕಿಯ ಕಡೆ ತಿರುಗಿ, ಗಾಜಿನ ಪೆಟ್ಟಿಗೆಯ ಮೇಲೆ ಮಡಿಸಿಟ್ಟ ಬಿಳಿ ಬಟ್ಟೆಯನ್ನು ಮುಂದೆ ಸರಿಸುತ್ತಾರೆ. “ತಗೊಳ್ಳಿ, ಉಜ್ಜಿ ನೋಡಿ. ಆಮೇಲೆ ಮಾತಾಡೋಣ.”