ಆಯಿಯ ತೊಡೆಯ ಬಿಗಿ

ಔಡಲೆಣ್ಣೆ ಸವರಿದ ಎಕ್ಕೆ ಎಲೆಯನ್ನು ಹಂಚಿನ ಮೇಲೆ ಬಾಡಿಸುವ ವಾಸನೆ ಯಾರ ಮನೆಯಿಂದ ಬಂದರೂ ನನ್ನ ಅಂಗೈ ಇಂದಿಗೂ ಬಿಸಿಯಾಗುತ್ತದೆ. ಗುಳೇದಗುಡ್ಡದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಆ ವಾಸನೆಯಿಂದ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳ ಎರಡೂ ಮೊಣಕಾಲು ಸವೆದಿದ್ದವು. ಅವ್ವ ಬಿಸಿ ಎಲೆ ಕಟ್ಟಿದ ಮೇಲೆ ಆಯಿ ಒಂದು ಕೈ ಗೋಡೆಗೆ, ಒಂದು ಕೈ ನನ್ನ ಹೆಗಲಿಗೆ ಕೊಟ್ಟು ಪಡಸಾಲೆಯ ಕುಣಿಮಗ್ಗದವರೆಗೆ ನಡೆಯುತ್ತಿದ್ದಳು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅವಳು ಕುಪ್ಪಸದ ಖಣ ನೇಯುತ್ತಿದ್ದಳು. ನಡೆಯುವಾಗ ನನ್ನ ಅಂಗೈ ಅವಳ ತೊಡೆಯ ಮೇಲಿರುತ್ತಿತ್ತು. ಹೆಜ್ಜೆ ನೆಲ ಮುಟ್ಟುವ ಮೊದಲೇ ಆ ತೊಡೆ ಕಲ್ಲಾಗುತ್ತಿತ್ತು. ಪಾದ ಊರಿದ ಮೇಲೂ ಸಡಿಲುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಗೋಡೆ ಹಿಡಿದು ನಡೆದಿದ್ದರೆ ನಿಮಗೆ ಇದು ಗೊತ್ತಿರುತ್ತದೆ. ಮಗ್ಗಕ್ಕೆ ಕೂತ ಮೇಲೆ ಮಾತ್ರ ಅವಳ ಕಾಲು ಹಗುರಾಗುತ್ತಿತ್ತು. ಮತ್ತೆ ಏಳುವ ಭಯಕ್ಕೆ ನೀರನ್ನೂ ಕುಡಿಯುತ್ತಿರಲಿಲ್ಲ. "ಕುಡದ್ರ ಏಳಬೇಕಾಗತೈತಿ, ಚೆರಗಿ ಆ ಕಡೆ ಇಡು" ಎನ್ನುತ್ತಿದ್ದಳು. ಎಲ್ಲವನ್ನೂ ಬರೆದಿಡುವ ಚಟ ನನಗೆ ಆಗಲೇ ಇತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ 'ಗಟ್ಟಿ' ಎಂದು ಬರೆಯುತ್ತಿದ್ದೆ. 'ಮೆತ್ತಗೆ' ಎಂದು ಬರೆಯುವ ದಿನಕ್ಕಾಗಿ ಕಾಯುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಅಪ್ಪ ಅವಳನ್ನು ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದ. ವ್ಯಾಯಾಮ ಹೇಳಿಕೊಡುವ ಹುಡುಗಿ ಆಯಿಯನ್ನು ಅತ್ತಿತ್ತ ನಡೆಸಿ ನೋಡಿದಳು. "ನನ್ನ ನಡಿಗಿ ನೋಡಾಕ ಮದುವಿ ದಿನಾನೂ ಇಷ್ಟ ಮಂದಿ ನಿಂತಿರಲಿಲ್ಲ" ಎಂದು ಆಯಿ ನಗಿಸಿದಳು. ಹುಡುಗಿ ಅವಳ ತೊಡೆ ಹಿಡಿದು ತೋರಿಸಿದಳು: "ಮುಂದಿನ ಸ್ನಾಯು ಹಿಡದಾಗ ಹಿಂದಿಂದು ಬಿಡಬೇಕ್ರಿ ಅಮ್ಮಾ. ನಿಮ್ಮವು ಎರಡೂ ಕೂಡೇ ಬಿಗೀತಾವ. ಅದಕ್ಕ ನಾಕ ಹೆಜ್ಜಿಗೇ ದಣೀತೀರಿ. ಸಡಿಲ ಬಿಡ್ರಿ, ಆದ್ರ ನಡಿಯೂದು ಬಿಡಬ್ಯಾಡ್ರಿ."

"ಮಗ್ಗದಾಗ ಹಾಸು ಬಿಗಿ ಆದ್ರ ಎಳಿ ಹರೀತಾವ ಅನ್ನೂದು ನನಗ ಗೊತ್ತಿಲ್ಲೇನ ತಂಗಿ? ಆದ್ರ ಸಡಿಲ ಬಿಟ್ರ ಬೀಳ್ತೇನಲ್ಲ!"

ಕುಣಿಗೆ ಇಳಿದು ಹತ್ತುವುದರಿಂದಲೇ ತಾಯಿಯ ಕಾಲು ಕೆಟ್ಟವೆಂದು ಅಪ್ಪ ನಂಬಿದ್ದ. ಆಯಿ ಮಗಳ ಊರಾದ ಇಳಕಲ್ಲಿಗೆ ಹೋಗಿದ್ದಾಗ ಮಗ್ಗ ಬಿಚ್ಚಿಸಿ, ಕುಣಿಗೆ ಮಣ್ಣು ತುಂಬಿಸಿ, ಮೇಲೆ ಫರಸಿ ಕಲ್ಲು ಹಾಕಿಸಿದ. ಮರಳಿ ಬಂದ ಆಯಿ ಹೊಸ್ತಿಲಲ್ಲೇ ನಿಂತಳು. "ಇನ್ನರ ಆರಾಮ ಕುಂದ್ರಬೇ ಯವ್ವಾ" ಎಂದ ಅಪ್ಪ. ಮರುದಿನ ಬೆಳಿಗ್ಗೆ ಎಲೆ ಕಟ್ಟಿದ ಮೇಲೆ ನಾನು ಹೆಗಲು ಕೊಟ್ಟೆ. ಆಯಿ ಏಳಲಿಲ್ಲ. "ಎಲ್ಲಿಗಂತ ನಡೀಲಿ?" ಎಂದಳು.

ಅವ್ವ ಬೇಡಿಕೊಂಡಳು, ಅಪ್ಪ ಗದರಿದ, ನಾನು ಕೈ ಹಿಡಿದು ಎಳೆದೆ. ಆಯಿ ಹಾಸಿಗೆಯಿಂದ ಗೋಡೆಗೆ ಸರಿದು ಕೂರುವುದಷ್ಟೇ ಉಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಂಗಳವಾರ, ನನ್ನ ಅಂಗೈ ಕೆಳಗೆ ಅವಳ ತೊಡೆ ಅರಳೆಯಂತೆ ಮೆತ್ತಗಿತ್ತು. ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದು, "ಆಯಿಗೆ ಆರಾಮಾತು!" ಎಂದು ಮನೆಯೆಲ್ಲ ಕೂಗಿದೆ. ಅವ್ವ ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋದಳು. ಆಯಿ ನನ್ನ ಕೈಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡು, "ಹೌದವ್ವ, ಈಗ ಬಿಡ್ತು" ಎಂದಳು. ಆ ಬಿಗಿಯ ಮೇಲೆಯೇ ಅವಳು ಅಷ್ಟು ವರ್ಷ ನಿಂತಿದ್ದಳೆಂದು ನನಗೆ ತಿಳಿಯುವಷ್ಟರಲ್ಲಿ ಆಯಿ ಇರಲಿಲ್ಲ.

ಪಡಸಾಲೆಯಲ್ಲಿ ಕುಣಿ ಮುಚ್ಚಿದ ಆ ಫರಸಿಯ ಬಣ್ಣ ಇಂದಿಗೂ ಉಳಿದವುಗಳ ಜೊತೆ ಕೂಡಿಲ್ಲ. ಮನೆಗೆ ಹೋದಾಗ ಅದನ್ನು ದಾಟಿಯೇ ಒಳಗೆ ಹೋಗಬೇಕು. ಅಲ್ಲಿ ಪಾದ ಊರುವ ಮೊದಲೇ ನನ್ನ ತೊಡೆ ಬಿಗಿಯುತ್ತದೆ.